ವಿದೇಶದಿಂದ ಆಡಿಯೊ ಸಾಧನ ತರಿಸುವ ಮುನ್ನ: ರಿಪೇರಿ, ವಾರಂಟಿಯ ಪೂರ್ತಿ ಲೆಕ್ಕ

ಒಂದು ಆಂಪ್ಲಿಫೈಯರ್‌ಗೆ ಅಮೆರಿಕದಲ್ಲಿ 50,000 ರೂಪಾಯಿ, ಬೆಂಗಳೂರಿನ ಅಂಗಡಿಯಲ್ಲಿ 1,10,000 ಎಂದುಕೊಳ್ಳಿ. ಅರ್ಧಕ್ಕೂ ಕಡಿಮೆ ಬೆಲೆ ಕಂಡಾಗ ಮನಸ್ಸು ಅತ್ತ ವಾಲುವುದು ಸಹಜ. ಆದರೆ ಇಲ್ಲಿನ ಬೆಲೆಯೊಳಗೆ ಸುಂಕ, ತೆರಿಗೆ, ವಿತರಕರ ಲಾಭದ ಜೊತೆಗೆ ಇನ್ನೊಂದೂ ಸೇರಿದೆ: ಕೆಟ್ಟರೆ ಆಟೊದಲ್ಲಿಟ್ಟುಕೊಂಡು ಹೋಗಿ ಒಪ್ಪಿಸಿ ಬರಬಹುದಾದ ಒಂದು ಕೌಂಟರ್. ಹೊರಗಿನಿಂದ ತರಿಸಿದರೆ ಆ ಹೊಣೆ ಪೂರ್ತಿ ನಿಮ್ಮದಾಗುತ್ತದೆ. ಅದಕ್ಕೂ ಒಂದು ಬೆಲೆ ಕಟ್ಟಬಹುದು. ಕಟ್ಟಿದ ಮೇಲೂ ಉಳಿತಾಯ ಕಂಡರೆ ಧೈರ್ಯವಾಗಿ ತರಿಸಿ.

ಹಂತ 1: ಮನೆ ಬಾಗಿಲಿಗೆ ಬರುವ ಹೊತ್ತಿಗೆ ಎಷ್ಟಾಗುತ್ತದೆ?

ಕಸ್ಟಮ್ಸ್‌ನವರು ಸುಂಕ ಹಾಕುವುದು ಸಾಮಾನಿನ ಬೆಲೆ, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ಮೊದಲು ಆ ಮೊತ್ತಕ್ಕೆ ಮೂಲ ಸುಂಕ, ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್, ಕೊನೆಗೆ ಇವೆಲ್ಲ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ). ಮೂಲ ಸುಂಕದ ದರ ವಸ್ತುವಿನ ವರ್ಗಕ್ಕೆ ತಕ್ಕಂತೆ ಬೇರೆ ಬೇರೆ, ಬಜೆಟ್‌ನಿಂದ ಬಜೆಟ್‌ಗೂ ಬದಲಾಗುತ್ತದೆ. ಹಾಗಾಗಿ ಆರ್ಡರ್ ಮಾಡುವ ವಾರ ಕೊರಿಯರ್ ಕಂಪನಿಯಿಂದ ದರ ಕೇಳಿಕೊಳ್ಳಿ. ಲೆಕ್ಕದ ರೀತಿ ತಿಳಿಯಲೆಂದು ಇಲ್ಲಿ ಮೂಲ ಸುಂಕ ಶೇ 20, ಐಜಿಎಸ್‌ಟಿ ಶೇ 18 ಎಂದಿಟ್ಟುಕೊಳ್ಳೋಣ.

ಸಾಮಾನು 50,000, ಸಾಗಣೆ ಮತ್ತು ವಿಮೆ 8,000, ಒಟ್ಟು 58,000. ಮೂಲ ಸುಂಕ 11,600, ಸರ್ಚಾರ್ಜ್ 1,160. ಈಗ 70,760. ಅದರ ಮೇಲೆ ಐಜಿಎಸ್‌ಟಿ 12,737. ಅಲ್ಲಿಗೆ 83,497. ಕ್ರೆಡಿಟ್ ಕಾರ್ಡಿನ ವಿದೇಶಿ ವಹಿವಾಟು ಶುಲ್ಕ ಶೇ 3.5 ಎಂದರೆ 2,030, ಅದರ ಮೇಲಿನ ಜಿಎಸ್‌ಟಿ 365. ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಸಾವಿರ ಹಿಡಿದರೆ ಸುಮಾರು 87,000. ಮೊದಲು 60,000 ಎನ್ನಿಸಿದ್ದ ಉಳಿತಾಯ ಈಗ 23,000. ಮುಂದಿನ ಎಲ್ಲ ತೀರ್ಮಾನವೂ ಈ 23,000ವನ್ನು ಇಟ್ಟುಕೊಂಡೇ ಆಗಬೇಕು.

ಸಾಗಣೆಯಲ್ಲಿ ಹಲವರು ಎಡವುವುದು ಗಾತ್ರದ ತೂಕದಲ್ಲಿ. ಎಕ್ಸ್‌ಪ್ರೆಸ್ ಕೊರಿಯರ್‌ಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್‌ನ ಪೆಟ್ಟಿಗೆ 50×40×45 ಸೆಂ.ಮೀ. ಇದ್ದರೆ ತಕ್ಕಡಿಯಲ್ಲಿ 12 ಕಿಲೊ ತೂಗಿದರೂ ಬಿಲ್ ಆಗುವುದು 18 ಕಿಲೊಗೆ.

ಉಡುಗೊರೆ ಎಂದು ಬರೆಸಿದರೆ ಸುಂಕ ತಪ್ಪುತ್ತದೆ ಎಂಬ ನಂಬಿಕೆ ಹಳೆಯದು. 2019ರ ಡಿಸೆಂಬರ್‌ನಿಂದ ಅಂಚೆ, ಕೊರಿಯರ್‌ನಲ್ಲಿ ಬರುವ ಉಡುಗೊರೆಗೆ ಸಿಗುತ್ತಿದ್ದ ಆ ವಿನಾಯಿತಿ ರಾಖಿ ಮತ್ತು ಜೀವರಕ್ಷಕ ಔಷಧಕ್ಕೆ ಮಾತ್ರ ಉಳಿದಿದೆ. ಬಿಲ್‌ನಲ್ಲಿ ಬೆಲೆ ಕಡಿಮೆ ತೋರಿಸಿ ಎಂದು ಮಾರಾಟಗಾರನನ್ನು ಕೇಳುವುದಂತೂ ಬೇಡವೇ ಬೇಡ. ಅದು ಕಾನೂನಿಗೆ ವಿರುದ್ಧ. ಮೇಲಾಗಿ ದಾರಿಯಲ್ಲಿ ಒಡೆದರೆ ವಿಮೆಯವರು ಕೊಡುವುದು ಆ ಸುಳ್ಳು ಬೆಲೆಯನ್ನಷ್ಟೇ, ವಾರಂಟಿ ಕೇಳುವಾಗಲೂ ಅದೇ ಬಿಲ್ ಎದುರಿಗೆ ಬರುತ್ತದೆ.

ಇನ್ನೆರಡು ತಡೆಗಳಿವೆ. ಬ್ಲೂಟೂತ್ ಅಥವಾ ವೈಫೈ ಇರುವ ಸಾಧನಕ್ಕೆ ಡಬ್ಲ್ಯುಪಿಸಿ (ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ) ಅನುಮೋದನೆ, ಕೆಲವು ವರ್ಗದ ಸಾಧನಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕೇಳಿ ಪಾರ್ಸೆಲ್ ನಿಲ್ಲಿಸಬಹುದು. ಬಳಸಿದ ವಸ್ತುಗಳ ಆಮದು ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತ ಪಟ್ಟಿಯಲ್ಲಿದೆ, ಪರವಾನಗಿ ಬೇಕು. ಜಪಾನಿನ ಹರಾಜಿನಲ್ಲಿ ಕಂಡ 1970ರ ದಶಕದ ರಿಸೀವರ್ (ಆಂಪ್ಲಿಫೈಯರ್, ರೇಡಿಯೊ ಒಂದೇ ಪೆಟ್ಟಿಗೆಯಲ್ಲಿರುವ ಸಾಧನ) ಎಷ್ಟೇ ಚೆಂದವಿರಲಿ, ಕೊರಿಯರ್‌ನಲ್ಲಿ ತರಿಸುವ ಮೊದಲು ಈ ಒಂದು ವಿಷಯ ಬಗೆಹರಿಸಿಕೊಳ್ಳಿ.

ಹಂತ 2: ಕೆಟ್ಟರೆ ಎಷ್ಟಾಗುತ್ತದೆ?

ಮೂರು ಸಾಧ್ಯತೆಗಳಿಗೆ ಬೇರೆ ಬೇರೆ ಬೆಲೆ ಹಾಕಿ.

ಮೊದಲನೆಯದು, ಇಲ್ಲೇ ರಿಪೇರಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದೆ, ಭಾಗ ಸಿಗುತ್ತದೆ, ಕೂಲಿ ಸೇರಿ 8,000 ಎಂದುಕೊಳ್ಳಿ. ಉಳಿತಾಯದ 23,000ದಲ್ಲಿ ಇಂಥ ಎರಡು ರಿಪೇರಿ ಮಾಡಿಸಿಯೂ 7,000 ಉಳಿಯುತ್ತದೆ.

ಎರಡನೆಯದು, ಯಾರೂ ಮುಟ್ಟಲಾಗದೆ ಪೂರ್ತಿ ನಷ್ಟ. 23,000ವನ್ನು 87,000ದಿಂದ ಭಾಗಿಸಿ, ಶೇ 26 ಬರುತ್ತದೆ. ವಾರಂಟಿ ಅವಧಿಯಲ್ಲಿ ಈ ಸಾಧನ ರಿಪೇರಿಗೆ ನಿಲುಕದಂತೆ ಕೆಡುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ ಎನಿಸಿದರೆ ಲೆಕ್ಕ ನಿಮ್ಮ ಕಡೆಗಿದೆ. ಆದರೆ 87,000 ಹೋದರೆ ಮತ್ತೆ ಕೂಡಿಸಲು ವರ್ಷ ಹಿಡಿಯುವವರಿಗೆ ಈ ಸರಾಸರಿ ಸಮಾಧಾನ ಕೊಡದು. ಅಂಥವರು ಇಲ್ಲೇ ಕೊಳ್ಳುವುದು ಒಳ್ಳೆಯದು.

ಮೂರನೆಯದೇ ಜನ ತಪ್ಪು ತಿಳಿಯುವುದು: ವಾರಂಟಿಯಲ್ಲಿ ತವರಿಗೆ ಕಳಿಸಿ ಉಚಿತವಾಗಿ ರಿಪೇರಿ ಮಾಡಿಸುವುದು. ಕಸ್ಟಮ್ಸ್‌ನ 2017ರ 45ನೇ ಅಧಿಸೂಚನೆ ಪ್ರಕಾರ ರಿಪೇರಿಗೆಂದು ಹೊರಗೆ ಕಳಿಸಿದ ವಸ್ತು ಮೂರು ವರ್ಷದೊಳಗೆ ಮರಳಿದರೆ ಅದರ ಪೂರ್ತಿ ಬೆಲೆಗೆ ಸುಂಕವಿಲ್ಲ. ರಿಪೇರಿಯ ನ್ಯಾಯವಾದ ವೆಚ್ಚ, ಹೋಗಿಬರುವ ಸಾಗಣೆ, ವಿಮೆ, ಇಷ್ಟರ ಮೇಲೆ ಮಾತ್ರ. ಆದರೆ ಅದರಲ್ಲೇ ಇನ್ನೊಂದು ಮಾತಿದೆ: ಆ ವೆಚ್ಚವನ್ನು ನೀವು ನಿಜವಾಗಿ ಕೊಟ್ಟಿದ್ದರೂ ಕೊಡದಿದ್ದರೂ ಲೆಕ್ಕಕ್ಕೆ ಬರುತ್ತದೆ. ಕಂಪನಿ ಉಚಿತವಾಗಿ ಮಾಡಿದ 10,000 ರೂಪಾಯಿಯ ಕೆಲಸಕ್ಕೂ ಸುಂಕ ಇದ್ದೇ ಇದೆ. ಹೋಗಿಬರುವ ಸಾಗಣೆ 18,000 ಎಂದರೆ ಮೌಲ್ಯ 28,000. ಮೇಲಿನ ದರಗಳಲ್ಲಿ ಸುಂಕ, ತೆರಿಗೆ 12,309. ಸಾಗಣೆಯೂ ಸೇರಿ ನಿಮ್ಮ ಕೈಯಿಂದ ಹೋಗುವುದು 30,309. ಉಳಿಸಿದ್ದು 23,000. ಭಾರವಾದ ಸಾಧನಕ್ಕೆ ಕಡಲಾಚೆಯ ವಾರಂಟಿ ಎಂದರೆ ಕಾಗದದ ಮೇಲಿನ ವಾರಂಟಿ ಎಂದೇ ಎಣಿಸಿಕೊಂಡು ಹೊರಡಿ.

ಕಂಪನಿ ರಿಪೇರಿ ಮಾಡದೆ ಹೊಸದೊಂದನ್ನು ಕಳಿಸಿದರೆ ಇನ್ನೂ ತೊಡಕು. ಹೋದ ವಸ್ತುವೇ ಮರಳಿದೆ ಎಂದು ಸೀರಿಯಲ್ ನಂಬರಿನಿಂದ ತೋರಿಸಲಾಗುವುದಿಲ್ಲ, ಹೊಸ ಆಮದು ಎಂದು ಪೂರ್ತಿ ಸುಂಕ ಬೀಳಬಹುದು.

ಹಂತ 3: ವಾರಂಟಿ ಕಾಗದ ಓದುವ ಬಗೆ

ಎಷ್ಟು ವರ್ಷ ಎಂಬುದನ್ನು ಕೊನೆಗೆ ಓದಿ. ಮೊದಲು ಹುಡುಕಬೇಕಾದದ್ದು ಪ್ರದೇಶ. ಬಹುತೇಕ ದೊಡ್ಡ ಬ್ರ್ಯಾಂಡ್‌ಗಳ ವಾರಂಟಿ ಮಾರಾಟವಾದ ದೇಶಕ್ಕೆ ಅಥವಾ ಪ್ರದೇಶಕ್ಕೆ ಮಾತ್ರ. ಆಮೇಲೆ ಮೊದಲ ಖರೀದಿದಾರ ಎಂಬ ಮಾತು ಇದೆಯೇ ನೋಡಿ. ಡಲ್ಲಾಸ್‌ನಲ್ಲಿರುವ ಅಣ್ಣ ತನ್ನ ಹೆಸರಲ್ಲಿ ಕೊಂಡು ದಸರಾಕ್ಕೆ ಬರುವಾಗ ತಂದುಕೊಟ್ಟರೆ ಆ ವಾರಂಟಿ ಅಣ್ಣನದು. ಆಗ ನೋಂದಣಿ ಅವನ ಹೆಸರು, ವಿಳಾಸದಲ್ಲೇ ಇರಲಿ. ಕೆಟ್ಟರೆ ಅವನು ಮುಂದಿನ ಸಲ ಬಂದಾಗ ಕೊಂಡೊಯ್ದು ಅಲ್ಲಿ ಒಪ್ಪಿಸಬಹುದು. ಕಿಲೊ ತೂಕದೊಳಗಿನ ಡ್ಯಾಕ್‌ಗಳಿಗೆ (ಡಿಜಿಟಲ್ ಸಂಕೇತವನ್ನು ಅನಲಾಗ್ ದನಿಯಾಗಿಸುವ ಪೆಟ್ಟಿಗೆ), ಹೆಡ್‌ಫೋನ್‌ಗಳಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಮೂರನೆಯದಾಗಿ ಅಧಿಕೃತ ಡೀಲರ್ ಷರತ್ತು. ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲಿ ಬ್ರ್ಯಾಂಡ್‌ನ ಪುಟದಲ್ಲೇ ಕಂಡರೂ ಮಾರುತ್ತಿರುವವನು ಬೇರೆಯವನಿರಬಹುದು. ಅವನ ಹೆಸರು ಬ್ರ್ಯಾಂಡ್‌ನ ಡೀಲರ್ ಪಟ್ಟಿಯಲ್ಲಿ ಇದೆಯೇ ನೋಡಿ. ಜಪಾನಿನಲ್ಲಿ ಕೊಂಡರೆ ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ನಾಲ್ಕನೆಯದು ವೋಲ್ಟೇಜ್: ನಿಗದಿಯಾದ ವೋಲ್ಟೇಜಿಗಿಂತ ಬೇರೆಯದರಲ್ಲಿ ಓಡಿಸಿದರೆ, ಒಳಗಿನ ವೈರಿಂಗ್ ಬದಲಿಸಿದರೆ ವಾರಂಟಿ ರದ್ದು ಎಂಬ ಸಾಲು ಹಲವು ಕಾಗದಗಳಲ್ಲಿ ಇರುತ್ತದೆ.

ಯುರೋಪಿನ ಒಕ್ಕೂಟದಲ್ಲಿ ಕೊಂಡವರಿಗೆ ಕಂಪನಿಯ ವಾರಂಟಿಯ ಹೊರತಾಗಿ ಮಾರಾಟಗಾರನ ಮೇಲೆ ಕನಿಷ್ಠ ಎರಡು ವರ್ಷದ ಕಾನೂನು ಹೊಣೆ ಇದೆ. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕು ಕಾಯ್ದೆಯಡಿ ದೋಷವಿದ್ದ ವಸ್ತುವನ್ನು 30 ದಿನದೊಳಗೆ ತಿರಸ್ಕರಿಸಿ ಹಣ ಕೇಳಬಹುದು. ಅಲ್ಲೇ ವಾಸವಿರುವ ಕನ್ನಡಿಗರಿಗೆ ಇವು ದೊಡ್ಡ ಬಲ. ತುಮಕೂರಿನಲ್ಲಿ ಕೂತು ಚಲಾಯಿಸುವುದು ಕಷ್ಟ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2020ರ ಇ-ಕಾಮರ್ಸ್ ನಿಯಮಗಳು ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ತಾಣಗಳಿಗೂ ಅನ್ವಯಿಸುತ್ತವೆ. ಆದರೆ ಇಲ್ಲಿ ಕಚೇರಿಯಾಗಲಿ ಆಸ್ತಿಯಾಗಲಿ ಇಲ್ಲದ ಮಾರಾಟಗಾರನಿಂದ ಆದೇಶದ ಹಣ ವಸೂಲಿ ಮಾಡುವುದು ಬೇರೆಯೇ ಹೋರಾಟ. ನಿಮ್ಮ ಕೈಯಲ್ಲಿರುವ ನಿಜವಾದ ಆಯುಧ ಕಾರ್ಡಿನ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಪಡೆಯುವುದು. ಅದಕ್ಕೆ ಗಡುವಿದೆ, ಆದ್ದರಿಂದ ಹಣವನ್ನು ಕಾರ್ಡ್ ಮೂಲಕವೇ ಕೊಡಿ, ಬ್ಯಾಂಕ್ ವರ್ಗಾವಣೆ ಬೇಡ.

ಕೊಳ್ಳುವ ಮೊದಲು ಇಲ್ಲಿನ ವಿತರಕರಿಗೆ ಒಂದು ಇಮೇಲ್ ಬರೆಯಿರಿ. ಮೂರೇ ಪ್ರಶ್ನೆ: ಹೊರಗೆ ಕೊಂಡ ಈ ಮಾಡೆಲ್‌ಗೆ ವಾರಂಟಿ ಕೊಡುತ್ತೀರಾ? ಇಲ್ಲವಾದರೆ ಹಣ ಪಡೆದು ರಿಪೇರಿ ಮಾಡುತ್ತೀರಾ? ಬಿಡಿಭಾಗ ಮಾತ್ರ ಮಾರುತ್ತೀರಾ? ಎರಡನೆಯ ಉತ್ತರವೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ದುಡ್ಡು ಕೊಡುತ್ತೇನೆಂದರೂ ಹೊರಗಿನ ಸೀರಿಯಲ್ ನಂಬರ್ ಮುಟ್ಟದ ವಿತರಕರಿದ್ದಾರೆ. ಫೋನಿನಲ್ಲಿ ಹೇಳಿದ ಹೌದು ಲೆಕ್ಕಕ್ಕಿಲ್ಲ.

ಹಂತ 4: ಕರೆಂಟು

ನಮ್ಮದು 230 ವೋಲ್ಟ್, 50 ಹರ್ಟ್ಸ್. ಅಮೆರಿಕ 120 ವೋಲ್ಟ್, 60 ಹರ್ಟ್ಸ್. ಜಪಾನ್ 100 ವೋಲ್ಟ್, ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಸಾಧನದ ಹಿಂಬದಿಯ ಪಟ್ಟಿಯಲ್ಲಿ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಚಿಂತೆಯಿಲ್ಲ. ವೈರ್ ಬದಲಿಸಿದರೆ ಸಾಕು. ಆಗಲೂ ಮೂರು ಪಿನ್ನಿನ ಸಾಧನಕ್ಕೆ ಅರ್ಥ್ ಕಳೆದುಹೋಗುವ ಅಗ್ಗದ ಅಡಾಪ್ಟರ್ ಹಾಕದೆ ಭಾರತೀಯ ಪಿನ್ ಇರುವ ಪವರ್ ಕಾರ್ಡನ್ನೇ ತನ್ನಿ. ಅರ್ಥ್ ಇಲ್ಲದ ಲೋಹದ ಪೆಟ್ಟಿಗೆಯಿಂದ ಹಮ್ ಅಷ್ಟೇ ಅಲ್ಲ, ಶಾಕ್ ಕೂಡ ಹೊಡೆಯಬಹುದು.

120 ವೋಲ್ಟ್ ಮಾತ್ರ ಎಂದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಸಾಧನ ಗರಿಷ್ಠ 300 ವ್ಯಾಟ್ ಎಳೆಯುವುದಾದರೆ ಕನಿಷ್ಠ 500 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಅಳತೆ), ನೆಮ್ಮದಿಗೆ 600. ಪ್ರಯಾಣಕ್ಕೆಂದು ಮಾರುವ ಹಗುರ ಕನ್ವರ್ಟರ್‌ಗಳನ್ನು ಆಂಪ್‌ಗೆ (ಆಂಪ್ಲಿಫೈಯರ್) ಹಾಕಬೇಡಿ, ಅವುಗಳಲ್ಲಿ ಹಲವು ಇಸ್ತ್ರಿ ಪೆಟ್ಟಿಗೆಯಂಥವಕ್ಕೆ ಮಾತ್ರ ಸಲ್ಲುವಂಥವು.

ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ತೊಂದರೆ ಬರುವುದು ಇಲ್ಲೇ. ಆಂಪ್ ಒಳಗಿನ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದಲ್ಲಿ ಏಳುವ ಕಾಂತ ಬಲ ವೋಲ್ಟೇಜನ್ನು ಹರ್ಟ್ಸ್‌ನಿಂದ ಭಾಗಿಸಿದಷ್ಟು. 120/60 ಎಂದರೆ 2. ಅದೇ 120ನ್ನು 50 ಹರ್ಟ್ಸ್‌ನಲ್ಲಿ ಕೊಟ್ಟರೆ 2.4, ಅಂದರೆ ಶೇ 20 ಹೆಚ್ಚು. 60 ಹರ್ಟ್ಸ್‌ಗೆಂದೇ ಬಿಗಿಯಾಗಿ ಲೆಕ್ಕಹಾಕಿ ಸುತ್ತಿದ ಕೋರ್ (ಆ ಕಬ್ಬಿಣದ ತಿರುಳು) ಆಗ ಕಾಂತ ಬಲದಿಂದ ತುಂಬಿ ಗುಂಯ್‌ಗುಡುತ್ತದೆ, ಕಾಯುತ್ತದೆ, ಕೊನೆಗೆ ಸುತ್ತಿನ ಇನ್ಸುಲೇಷನ್ ಸುಡುತ್ತದೆ. ಹಳ್ಳಿ ಕಡೆಯ ಲೈನಿನಲ್ಲಿ ರಾತ್ರಿ 250 ವೋಲ್ಟ್ ದಾಟಿದರೆ ಇದು ಇನ್ನೂ ಬೇಗ. ಪಟ್ಟಿಯಲ್ಲಿ 50/60 ಎಂದಿಲ್ಲದೆ ಬರೀ 60 ಹರ್ಟ್ಸ್ ಎಂದಿರುವ ದೊಡ್ಡ ಆಂಪನ್ನು ತರಿಸಬೇಡಿ. ಈಗಾಗಲೇ ತಂದಾಗಿದ್ದರೆ 230ರಿಂದ 100 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಸುತ್ತಿಸಿ. 100/50 ಕೂಡ 2. ಪವರ್ ಸುಮಾರು ಶೇ 30 ಕಡಿಮೆಯಾದರೂ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ.

ಕೆಲವು ಆಂಪ್‌ಗಳಲ್ಲಿ ಪ್ರೈಮರಿ ಸುತ್ತು (ಟ್ರಾನ್ಸ್‌ಫಾರ್ಮರ್‌ಗೆ ಕರೆಂಟು ಒಳಬರುವ ಬದಿಯದು) ಎರಡಿದ್ದು, 115ಕ್ಕೆ ಸಮಾಂತರವಾಗಿ, 230ಕ್ಕೆ ಸರಣಿಯಲ್ಲಿ ಜೋಡಿಸಬಹುದು. ಹೊರಗೆ ಸ್ವಿಚ್ ಇದ್ದರೆ ಬದಲಿಸುವುದು ಸುಲಭ, ಜೊತೆಗೆ ಫ್ಯೂಸನ್ನೂ ಬದಲಿಸಲು ಮರೆಯಬೇಡಿ. 120ರಲ್ಲಿ 5 ಆಂಪಿಯರ್ ಸ್ಲೋ-ಬ್ಲೋ (ಕ್ಷಣದ ಏರಿಕೆ ತಡೆದುಕೊಳ್ಳುವ ಫ್ಯೂಸ್) ಇದ್ದರೆ 230ರಲ್ಲಿ 2.5. ಹಳೆಯ 5 ಆಂಪಿಯರ್ ಬಿಟ್ಟರೆ ಫ್ಯೂಸ್ ಉಳಿದು ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ಎಸಿ ಸಿಂಕ್ರೊನಸ್ ಮೋಟರಿನ ಟರ್ನ್‌ಟೇಬಲ್‌ನ ವೇಗ ಹರ್ಟ್ಸ್‌ಗೆ ಕಟ್ಟುಬಿದ್ದಿದೆ. 60 ಹರ್ಟ್ಸ್‌ನ ಪುಲ್ಲಿ ಇಲ್ಲಿ ತಿರುಗಿದರೆ ನಿಮಿಷಕ್ಕೆ 33⅓ ಸುತ್ತಿನ ತಟ್ಟೆ 27.8 ಸುತ್ತಷ್ಟೇ ಸುತ್ತುತ್ತದೆ, ಮಲ್ಲಿಕಾರ್ಜುನ ಮನ್ಸೂರರ ದನಿ ಎರಡು ಸ್ವರದಷ್ಟು ಕೆಳಗಿಳಿಯುತ್ತದೆ. 50 ಹರ್ಟ್ಸ್ ಪುಲ್ಲಿ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಡಿಸಿ ಮೋಟರಿಗೆ ಈ ತೊಂದರೆಯಿಲ್ಲ.

ಟ್ಯೂನರ್ ಇರುವ ರಿಸೀವರ್‌ನದು ಬೇರೆ ಕತೆ. ಜಪಾನಿನ ಎಫ್‌ಎಂ ಶ್ರೇಣಿ 76 ಮೆಗಾಹರ್ಟ್ಸ್‌ನಿಂದ ಶುರುವಾಗಿ 95ರ ಹೊತ್ತಿಗೆ ಮುಗಿಯುತ್ತದೆ. ಅಲ್ಲಿನ ಹಳೆಯ ಟ್ಯೂನರ್‌ಗಳಲ್ಲಿ ಬೆಂಗಳೂರಿನ 101.3 ಆಗಲಿ 102.9 ಆಗಲಿ ಸಿಗುವುದಿಲ್ಲ. ಅಮೆರಿಕದ್ದರಲ್ಲಿ ಎಎಂ 10 ಕಿಲೊಹರ್ಟ್ಸ್ ಹೆಜ್ಜೆಯಲ್ಲಿ ಹೋಗುತ್ತದೆ, ನಮ್ಮದು 9. ಆಕಾಶವಾಣಿ ಬೆಂಗಳೂರಿನ 612 ಅದರಲ್ಲಿ ಸರಿಯಾಗಿ ಕೂರದು. ಬ್ಲೂ-ರೇ ಪ್ಲೇಯರ್ ಆದರೆ ಅಮೆರಿಕದ್ದು ಎ ವಲಯ, ಭಾರತದ್ದು ಸಿ; ಒಂದು ವಲಯಕ್ಕೆ ಕಟ್ಟಿದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದು.

ಹಂತ 5: ಮುಚ್ಚಳ ತೆರೆದರೆ ಏನಿದೆ?

ಒಳಗಿನ ಚಿತ್ರಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಕೊಳ್ಳುವ ಮೊದಲು ಅವನ್ನು, ಸಾಧ್ಯವಾದರೆ ಸರ್ವಿಸ್ ಮ್ಯಾನುವಲನ್ನು, ನಿಮ್ಮ ಊರಿನ ಒಳ್ಳೆಯ ರಿಪೇರಿಯವರಿಗೆ ತೋರಿಸಿ. ಇದನ್ನು ಮುಟ್ಟುತ್ತೀರಾ ಎಂದು ಕೇಳಿ. ಅವರ ಉತ್ತರ ವಾರಂಟಿ ಕಾರ್ಡಿಗಿಂತ ಬೆಲೆಯುಳ್ಳದ್ದು.

ದೊಡ್ಡ ಟ್ರಾನ್ಸ್‌ಫಾರ್ಮರ್, ಬಿಡಿ ಟ್ರಾನ್ಸಿಸ್ಟರ್‌ಗಳು, ಕಾಲು ತೂರಿಸಿ ಬೆಸೆದ ಭಾಗಗಳು ಕಂಡರೆ ಧೈರ್ಯ ತಾಳಿ. 2ಎಸ್‌ಸಿ5200, 2ಎಸ್‌ಎ1943ರಂಥ ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ. ಆದರೆ ಇವುಗಳ ನಕಲಿ ವಿಪರೀತ. ಚಿಪ್‌ನ ಅಳತೆ ಚಿಕ್ಕದಾದ ನಕಲಿ ಮೊದಲ ಜೋರು ಹಾಡಿಗೇ ಸುಟ್ಟು ಸ್ಪೀಕರನ್ನೂ ಎಳೆದುಕೊಂಡು ಹೋಗುತ್ತದೆ. ದೊಡ್ಡ ಅಧಿಕೃತ ಬಿಡಿಭಾಗ ಮಾರಾಟಗಾರರಿಂದಲೇ ತರಿಸಿ. ಹಳೆಯ ಎಸ್‌ಟಿಕೆ ಮಾಡ್ಯೂಲ್‌ಗಳು (ಆಂಪ್‌ನ ಬಹುಭಾಗ ಒಂದೇ ಬಿಲ್ಲೆಯಲ್ಲಿರುವಂಥವು), ಲ್ಯಾಟರಲ್ ಮಾಸ್‌ಫೆಟ್‌ಗಳು (ಒಂದು ಬಗೆಯ ಪವರ್ ಟ್ರಾನ್ಸಿಸ್ಟರ್), ಸಿಡಿ ಪ್ಲೇಯರ್‌ನ ಲೇಸರ್ ಪಿಕಪ್‌ಗಳಲ್ಲಿ ಹಲವನ್ನು ತಯಾರಿಸುವುದೇ ನಿಂತಿದೆ.

ಕ್ಲಾಸ್ ಡಿ (ಸ್ವಿಚಿಂಗ್ ಬಗೆಯ) ಆಂಪ್ ಮತ್ತು ಆಂಪ್ ಒಳಗೇ ಇರುವ ಆಕ್ಟಿವ್ ಸ್ಪೀಕರ್‌ಗಳಲ್ಲಿ ಪವರ್ ಸಪ್ಲೈ, ಆಂಪ್, ಡಿಎಸ್‌ಪಿ (ದನಿಯನ್ನು ಡಿಜಿಟಲ್ ಆಗಿ ಹದಗೊಳಿಸುವ ಚಿಪ್) ಎಲ್ಲ ಒಂದೇ ಬೋರ್ಡಿನಲ್ಲಿರಬಹುದು, ಅಲುಗಬಾರದೆಂದು ಮೇಲೆ ಗೋಂದು ಬೇರೆ. ಕೆಟ್ಟರೆ ಬೋರ್ಡೇ ಬದಲಾಗಬೇಕು, ಅದನ್ನು ಕಂಪನಿ ಹೊರಗಿನವರಿಗೆ ಮಾರದೆ ಇರಬಹುದು. ಹೋಮ್ ಥಿಯೇಟರ್ ರಿಸೀವರ್‌ನ ಎಚ್‌ಡಿಎಂಐ ಬೋರ್ಡ್ ಕೂಡ ಹೀಗೇ. ಜೊತೆಗೆ ಅದು 10 ಕಿಲೊ ಮೀರಿದ ಭಾರದ್ದು, ಬಿಸಿಯಾಗುವಂಥದ್ದು, ಟ್ಯೂನರ್ ಉಳ್ಳದ್ದು. ಹೊರಗಿನಿಂದ ತರಿಸಬಾರದ ಸಾಧನ ಒಂದನ್ನೇ ಹೆಸರಿಸಿ ಎಂದರೆ ಇದನ್ನೇ ಹೇಳಬೇಕು.

ಒಳಗೆ ಆಂಪ್ ಇಲ್ಲದ ಪ್ಯಾಸಿವ್ ಸ್ಪೀಕರ್‌ನಲ್ಲಿ ಕರೆಂಟಿನ ಗೊಡವೆಯಿಲ್ಲ, ಅಪಾಯ ಇರುವುದು ಸಾಗಣೆಯಲ್ಲಿ. ಬಿದ್ದ ಪೆಟ್ಟಿಗೆಯಲ್ಲಿ ಮ್ಯಾಗ್ನೆಟ್ ಜರುಗಿ ವಾಯ್ಸ್ ಕಾಯಿಲ್ (ಕೋನ್ ಅಲುಗಿಸುವ ತಂತಿ ಸುರುಳಿ) ಉಜ್ಜತೊಡಗುತ್ತದೆ. ಹಳೆಯ ಸ್ಪೀಕರ್‌ನ ಫೋಮ್ ಅಂಚು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಕಾರವಾರ, ಮಂಗಳೂರಿನ ತೇವದಲ್ಲಿ ಸ್ಪೀಕರ್ ತಂದಿಡುವವರು ರಬ್ಬರ್ ಅಂಚಿನದನ್ನೇ ಆರಿಸಲಿ.

ಯುಎಸ್‌ಬಿಯ 5 ವೋಲ್ಟ್‌ನಲ್ಲಿ ಓಡುವ ಡ್ಯಾಕ್, ಕೇಬಲ್ ಕಳಚಿ ಬದಲಿಸಬಹುದಾದ ವೈರ್ಡ್ ಇಯರ್‌ಫೋನ್ ಇವೆರಡು ಹಗುರ, ಕಳಿಸಲು ಅಗ್ಗ, ಕರೆಂಟಿನ ಗೋಜಿಲ್ಲ. ಮೊದಲ ಸಲ ಹೊರಗಿನಿಂದ ತರಿಸುವವರು ಇಲ್ಲಿಂದ ಶುರುಮಾಡಲಿ. ವೈರ್‌ಲೆಸ್ ಇಯರ್‌ಬಡ್ ಬೇಡ, ಅದನ್ನು ಅಂಟಿಸಿ ಮುಚ್ಚಿರುತ್ತಾರೆ, ಬ್ಯಾಟರಿ ಸತ್ತರೆ ಮುಗಿಯಿತು. ಬ್ಯಾಟರಿ ಸ್ಪೀಕರ್‌ಗೆ ಇನ್ನೊಂದು ಕುತ್ತು: ಉಬ್ಬಿದ ಅಥವಾ ದೋಷವಿರುವ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವಂತಿಲ್ಲ. ವಾರಂಟಿ ಇದ್ದರೂ ವಸ್ತು ಇಲ್ಲೇ ಉಳಿಯುತ್ತದೆ.

ಹಂತ 6: ಬಂದ ದಿನವೇ ಪರೀಕ್ಷೆ

ವಾಪಸ್ ಕಳಿಸುವ ಗಡುವು ದಿನಗಳಲ್ಲಿರುತ್ತದೆ, ಆದ್ದರಿಂದ ಹಬ್ಬಕ್ಕೆಂದು ಪೆಟ್ಟಿಗೆ ಮುಚ್ಚಿಡಬೇಡಿ. ಟೇಪ್ ಕತ್ತರಿಸುವ ಮೊದಲು ಆರೂ ಬದಿ ವಿಡಿಯೊ ಮಾಡಿ, ಕಡಿತವಿಲ್ಲದೆ ಸೀರಿಯಲ್ ನಂಬರಿನವರೆಗೆ ಮುಂದುವರಿಸಿ. ಆ ನಂಬರ್ ಬಿಲ್‌ನಲ್ಲೂ ಇರಲಿ.

ವೋಲ್ಟೇಜ್ ಸ್ವಿಚ್, ಫ್ಯೂಸ್ ನೋಡಿ. ಟ್ರಾನ್ಸ್‌ಫಾರ್ಮರ್ ಇರುವ ಆಂಪನ್ನು ಮೊದಲ ಸಲ 100 ವ್ಯಾಟ್‌ನ ಹಳೆಯ ಬುರುಡೆ ಬಲ್ಬಿನ ಸೀರೀಸ್ ಬೋರ್ಡಿನ (ಕರೆಂಟು ಬಲ್ಬನ್ನು ದಾಟಿಯೇ ಸಾಧನಕ್ಕೆ ಹೋಗುವ ಜೋಡಣೆ) ಮೂಲಕ ಹಾಕಿ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ, ಪ್ರಖರವಾಗಿಯೇ ಉಳಿದರೆ ಒಳಗೆ ಶಾರ್ಟ್ ಇದೆ. ಎಸ್‌ಎಂಪಿಎಸ್ (ಹಗುರ ಸ್ವಿಚಿಂಗ್ ಪವರ್ ಸಪ್ಲೈ) ಇರುವ ಸಾಧನಕ್ಕೆ ಈ ವಿಧಾನ ಹೊಂದುವುದಿಲ್ಲ, ಅದು ಆನ್-ಆಫ್ ಆಗುತ್ತಿರಬಹುದು.

ಸ್ಪೀಕರ್ ಜೋಡಿಸುವ ಮೊದಲು ಆಂಪ್‌ನ ಔಟ್‌ಪುಟ್‌ನಲ್ಲಿ ಮಲ್ಟಿಮೀಟರ್‌ನಿಂದ ಡಿಸಿ ಅಳೆಯಿರಿ. 50 ಮಿಲಿವೋಲ್ಟ್‌ನೊಳಗಿದ್ದರೆ ಒಳ್ಳೆಯದು, 100 ದಾಟಿದರೆ ಮಾರಾಟಗಾರನಿಗೆ ಬರೆಯಿರಿ, ವೋಲ್ಟ್‌ಗಳಲ್ಲಿ ತೋರಿಸಿದರೆ ಸ್ಪೀಕರ್ ಹತ್ತಿರಕ್ಕೂ ತರಬೇಡಿ. 8 ಓಮ್ ಸ್ಪೀಕರ್ ಮೀಟರಿನಲ್ಲಿ ಸುಮಾರು 5.5ರಿಂದ 7 ಓಮ್ ತೋರಿಸುತ್ತದೆ, ಜೊತೆಯ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬರಬೇಕು. ಆಮೇಲೆ ಎಲ್ಲ ಇನ್‌ಪುಟ್, ಎರಡೂ ಚಾನೆಲ್, ರಿಮೋಟ್ ನೋಡಿ, ಎರಡು ಗಂಟೆ ನುಡಿಸಿ. ಕಾದ ಮೇಲೆ ಮಾತ್ರ ಕಾಣುವ ಬೆಸುಗೆಯ ದೋಷ ಆಗ ಹೊರಬೀಳುತ್ತದೆ. ಮುಚ್ಚಳ ಬಿಚ್ಚಬೇಡಿ. ಮೂಲ ಪೆಟ್ಟಿಗೆ, ಥರ್ಮೊಕೋಲ್ ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲಿರಲಿ.

ಹಂತ 7: ಕೆಟ್ಟಾಗ

ಹೊರಗೆ ಕಳಿಸಲೇಬೇಕಾದರೆ ಮೊದಲು ಕಂಪನಿಯಿಂದ ವಾಪಸಾತಿ ಸಂಖ್ಯೆ ಪಡೆಯಿರಿ. ಶಿಪ್ಪಿಂಗ್ ಬಿಲ್‌ನಲ್ಲಿ ರಿಪೇರಿಗಾಗಿ ರಫ್ತು ಎಂದೂ ಸೀರಿಯಲ್ ನಂಬರನ್ನೂ ಬರೆಸಿ. ಅದಿಲ್ಲದೆ ಮೇಲೆ ಹೇಳಿದ ಸುಂಕದ ರಿಯಾಯಿತಿ ಕೇಳಲು ಆಧಾರವೇ ಇರುವುದಿಲ್ಲ. ಬರುವ ಪಾರ್ಸೆಲ್‌ನ ಬಿಲ್‌ನಲ್ಲಿ ರಿಪೇರಿಯ ವೆಚ್ಚ ಬೇರೆಯಾಗಿ, ಅದೇ ಸೀರಿಯಲ್ ನಂಬರ್ ಸ್ಪಷ್ಟವಾಗಿ ಇರಬೇಕೆಂದು ಕಂಪನಿಗೆ ಮೊದಲೇ ತಿಳಿಸಿ. ಯಾರಾದರೂ ಕೈಯಲ್ಲಿ ಒಯ್ಯುವುದಾದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ವಸ್ತು ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಲಿ. ಕೌಂಟರಿನಲ್ಲಿ ಸಮಯ ಹಿಡಿಯುತ್ತದೆ, ಒಂದು ಗಂಟೆ ಮುಂಚೆಯೇ ಹೋಗಲಿ.

ಪೂರ್ತಿ ಕಳಿಸುವ ಬದಲು ಕೆಟ್ಟ ಬೋರ್ಡನ್ನಷ್ಟೇ ಕಳಿಸಬಹುದೇ, ಅಥವಾ ಅವರೇ ಬೋರ್ಡ್ ಕಳಿಸಿ ಇಲ್ಲಿನ ರಿಪೇರಿಯವರು ಹಾಕಿದರೆ ವಾರಂಟಿ ಉಳಿಯುತ್ತದೆಯೇ ಎಂದು ಕೇಳಿ. ಸಣ್ಣ ಕಂಪನಿಗಳು ಇದಕ್ಕೆ ಒಪ್ಪುವುದುಂಟು. 14 ಕಿಲೊ ಆಂಪಿನ ಬದಲು 400 ಗ್ರಾಂ ಬೋರ್ಡ್ ಹೋಗಿಬಂದರೆ ಎರಡನೇ ಹಂತದ 30,309ರಲ್ಲಿ ಸಾಗಣೆಯ ಪಾಲು ಬಹುಮಟ್ಟಿಗೆ ಕರಗುತ್ತದೆ. ಒಪ್ಪಿದ್ದನ್ನು ಇಮೇಲ್‌ನಲ್ಲಿ ಬರೆಸಿಕೊಂಡ ಮೇಲೆಯೇ ಸ್ಕ್ರೂ ಬಿಚ್ಚಿಸಿ.